ಮಾಸ್ತರರ ಬರವಣಿಗೆ

ಶಿಕ್ಷಕನು ತರಗತಿಯಲ್ಲಿ ಆಡಿದ ಮಾತು ಅಲ್ಲಿ ಕುಳಿತು ಕೇಳಿದ ಮಕ್ಕಳಿಗೆ ಮಾತ್ರ ದೊರೆಯುತ್ತದೆ. ಆ ಮಕ್ಕಳು ಬೆಳೆದು ಊರೂರಿಗೆ ಚದುರಿದ ಮೇಲೆ ಅದರಲ್ಲಿ ಉಳಿದುದೆಷ್ಟು, ಅಳಿದುದೆಷ್ಟು ಎಂದು ಯಾರೂ ಹೇಳಲಾರರು. ಮೂವತ್ತು ವರುಷ ದುಡಿದು ಗಳಿಸಿದ ಅನುಭವವೂ ನಿವೃತ್ತಿಯ ದಿನ ಶಿಕ್ಷಕನೊಡನೆಯೇ ಮನೆ ಸೇರಿಬಿಡುತ್ತದೆ. ಅದನ್ನು ನಾಡಿಗೆ ಉಳಿಸಿಕೊಡಬಲ್ಲ ಮುಖ್ಯ ಸಾಧನವೆಂದರೆ ಬರವಣಿಗೆ.

ಈ ಮಾತಿಗೆ ಬೆಳಗಾವಿ ಜಿಲ್ಲೆಯ ಗಡಿಭಾಗದಲ್ಲಿ ಉತ್ತಮ ನಿದರ್ಶನವೊಂದಿದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳು ಕನ್ನಡ ಮರಾಠಿಗಳೆರಡೂ ಬೆರೆತು ಬಾಳುವ ನೆಲ. 1956ರಲ್ಲಿ ಈ ಪ್ರದೇಶವು ಮುಂಬಯಿ ರಾಜ್ಯದಿಂದ ಬೇರ್ಪಟ್ಟು ಅಂದಿನ ಮೈಸೂರು ರಾಜ್ಯವನ್ನು ಸೇರಿತು. ಹಿಂದೆ ಅಥಣಿ ತಾಲ್ಲೂಕಿನಲ್ಲಿದ್ದು ಈಗ ಕಾಗವಾಡ ತಾಲ್ಲೂಕಿಗೆ ಸೇರಿರುವ ಶೇಡಬಾಳದಲ್ಲಿ 1918ರಲ್ಲಿ ಜನಿಸಿದವರು ಮಿರ್ಜಿ ಅಣ್ಣಾರಾಯರು. ವೃತ್ತಿಯಿಂದ ಅವರು ಶಾಲಾಶಿಕ್ಷಕರು, ಪ್ರವೃತ್ತಿಯಿಂದ ಸಾಹಿತಿಗಳು.

ಅವರು 1945ರಲ್ಲಿ ಪ್ರಕಟಿಸಿದ 'ನಿಸರ್ಗ' ಕಾದಂಬರಿಯ ವಸ್ತು ರಾಜಮಹಾರಾಜರ ವೈಭವವಲ್ಲ, ತಮ್ಮ ಸುತ್ತಲಿನ ಒಕ್ಕಲು ಮನೆತನಗಳ ಬಾಳುವೆ. ಆ ಭಾಗದ ಜನರ ಆಡುನುಡಿಗೂ ಅದರಲ್ಲಿ ಗೌರವದ ಸ್ಥಾನ ದೊರೆಯಿತು. ದೂರದ್ದೆಲ್ಲ ದೊಡ್ಡದು, ಹತ್ತಿರದ್ದೆಲ್ಲ ಸಣ್ಣದು ಎಂದು ಭಾವಿಸುವವರಿಗೆ ಇದು ಮೊದಲನೆಯ ಪಾಠ. ಹೊಲದ ಬದು, ಮನೆಯ ಅಂಗಳ, ತಾಯಿಯ ಮಾತು ಇವೂ ಸಾಹಿತ್ಯಕ್ಕೆ ಯೋಗ್ಯವಾದ ವಸ್ತುಗಳೇ. ಮನೆಯ ನುಡಿಗಾಗಿ ನಾಚಿಕೊಳ್ಳುವ ವಿದ್ಯಾರ್ಥಿಯು ಬಾಯಿ ತೆರೆಯಲು ಹೆದರುತ್ತಾನೆ. ಅದನ್ನು ಗೌರವಿಸುವವನು ಗ್ರಂಥಭಾಷೆಯನ್ನೂ ಧೈರ್ಯದಿಂದ ಕಲಿಯುತ್ತಾನೆ.

ಅಣ್ಣಾರಾಯರ ಮತ್ತೊಂದು ಕಾದಂಬರಿಯ ಹೆಸರು 'ರಾಮಣ್ಣ ಮಾಸ್ತರರು'. ಹಳ್ಳಿಯ ಜನ ಶಿಕ್ಷಕನನ್ನು ಕರೆಯುವ ಹೆಸರೇ ಅಲ್ಲಿ ಪುಸ್ತಕದ ಮುಖಪುಟವನ್ನೇರಿತು. ಕಥೆ ಕಾದಂಬರಿಗಳಲ್ಲದೆ ಅವರು 'ಜೈನಧರ್ಮ'ವೆಂಬ ವಿಸ್ತಾರವಾದ ಗ್ರಂಥವನ್ನೂ ರಚಿಸಿದರು. ಅಂತಹ ಗ್ರಂಥವನ್ನು ಬರೆಯಬೇಕಾದರೆ ಬಹಳಷ್ಟು ಓದಬೇಕು. ಕಲಿಸುವವನು ಕಲಿಯುವುದನ್ನು ಎಂದಿಗೂ ಬಿಡಬಾರದೆಂಬುದು ಎರಡನೆಯ ಪಾಠ.

ಪಾಠ ಹೇಳುವುದೇ ಶಿಕ್ಷಕನ ಕೆಲಸ, ಬರವಣಿಗೆಯಿಂದ ಅದಕ್ಕೆ ಅಡ್ಡಿಯಾದೀತು ಎನ್ನುವವರುಂಟು. ಈ ಅಂಜಿಕೆ ಪೂರ್ತಿ ನಿರಾಧಾರವಲ್ಲ. ತರಗತಿಯನ್ನು ಮರೆತು ಬರೆಯುವವನು ಕರ್ತವ್ಯದಿಂದ ಜಾರುತ್ತಾನೆ. ಆದರೆ ತರಗತಿಯಿಂದಲೇ, ಮಕ್ಕಳ ಮನೆಗಳಿಂದಲೇ ಹುಟ್ಟಿದ ಬರವಣಿಗೆ ಬೋಧನೆಗೆ ಬಲವನ್ನೇ ತರುತ್ತದೆ. ಬರೆಯಬೇಕೆಂಬ ಹಂಬಲವಿದ್ದವನು ತನ್ನೆದುರಿನ ಬಾಲಕನನ್ನು ಹೆಚ್ಚು ಲಕ್ಷ್ಯಕೊಟ್ಟು ನೋಡುತ್ತಾನೆ.

ಅಣ್ಣಾರಾಯರು 1975ರಲ್ಲಿ ನಿಧನರಾದರು. ಅವರ ಪಾಠವನ್ನು ಕೇಳಿದವರು ಕೆಲವು ಊರುಗಳ ಮಕ್ಕಳು. ಅವರ ಬರಹವನ್ನು ಓದಬಲ್ಲವರು ಕನ್ನಡಿಗರೆಲ್ಲರೂ. ಪ್ರತಿಯೊಂದು ಹಳ್ಳಿಯ ಶಾಲೆಯಲ್ಲಿಯೂ ಅನುಭವ ತುಂಬಿದ ಶಿಕ್ಷಕರಿರುತ್ತಾರೆ. ಅವರು ಕಂಡುದನ್ನು ಬರೆದಿಟ್ಟರೆ ನಾಡಿನ ಬುತ್ತಿ ಬೆಳೆಯುತ್ತದೆ. ವಿದ್ಯಾರ್ಥಿಗಳಾದರೂ ತಮ್ಮೂರಿನ ಮಾಸ್ತರರ ಬಳಿ ಕುಳಿತು, ಕೇಳಿದುದನ್ನು ಬರೆದಿಟ್ಟುಕೊಳ್ಳುವ ಅಭ್ಯಾಸವನ್ನು ಇಂದೇ ಆರಂಭಿಸಬಹುದು.