ಕಾಂಚಳಿಗೂ ವಯಸ್ಸುಂಟು

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಲಂಬಾಣಿ ತಾಂಡಾಗಳಲ್ಲಿ ಟ್ರಂಕಿನ ತಳ ಸೇರಿರುವ ಹಳೆಯ ಫೇಟಿಯಾ (ಲಂಗ), ಕಾಂಚಳಿ (ಕುಪ್ಪಸ)ಗಳ ಕಾಲವನ್ನು ಅವುಗಳ ನೂಲು, ಬಿಲ್ಲೆ, ನಾಣ್ಯಗಳಿಂದಲೇ ಅಂದಾಜು ಮಾಡಬಹುದು ಎಂದು ನಾನು ವಾದಿಸುತ್ತ ಬಂದಿದ್ದೇನೆ. ಇದಕ್ಕೆ ಆಕ್ಷೇಪ ಎರಡು ಕಡೆಯಿಂದ ಬರುತ್ತಿದೆ. ಹಳೆಯ ಬಟ್ಟೆ ಕೊಂಡು ನಗರಗಳಿಗೆ ಮಾರುವವರು ಒಂದು ಕಡೆ. ಲಂಬಾಣಿ ಕಸೂತಿಯ ಮೇಲೆ ನಿಜವಾದ ಅಭಿಮಾನ ಇಟ್ಟುಕೊಂಡವರು ಇನ್ನೊಂದು ಕಡೆ. ಇಬ್ಬರಿಗೂ ಉತ್ತರ ಕೊಡಲೇಬೇಕು. ಏಕೆಂದರೆ ಇಬ್ಬರ ಮಾತಿನಿಂದಲೂ ನಷ್ಟ ಆಗುವುದು ಆ ಬಟ್ಟೆ ಹೊಲಿದ ಹೆಣ್ಣುಮಗಳಿಗೆ.

ಮೊದಲ ಆಕ್ಷೇಪ: ಈ ಕಸೂತಿ ತಲೆತಲಾಂತರದಿಂದ ಒಂದೇ ತೆರ ಇದೆ, ಹಾಗಾಗಿ ಕಾಲ ಹೇಳಲು ಬರುವುದಿಲ್ಲ. ಹೊಲಿಗೆಯ ಮಟ್ಟಿಗೆ ಇದು ನಿಜ. ತಾಯಿ ಹಾಕಿದ ಹೊಲಿಗೆಯನ್ನೇ ಮಗಳು ಹಾಕುತ್ತಾಳೆ; ಅದನ್ನು ನೋಡಿ ನಾನೂ ಕಾಲ ಹೇಳುವುದಿಲ್ಲ. ಆದರೆ ಹೊಲಿಗೆ ತಾಯಿಯಿಂದ ಬಂದರೆ ನೂಲು ಬಂದದ್ದು ಸಂತೆಯಿಂದ. ಸಂತೆಯ ಸರಕಿಗೆ ಹುಟ್ಟಿದ ವರ್ಷ ಇರುತ್ತದೆ. ಪಾಲಿಯೆಸ್ಟರ್ ಎಳೆಯನ್ನು ಇಂಗ್ಲೆಂಡಿನಲ್ಲಿ ಕಂಡುಹಿಡಿದದ್ದೇ 1941ರಲ್ಲಿ. ಅಕ್ರಿಲಿಕ್ ನೂಲು ಅಮೆರಿಕದ ಮಾರುಕಟ್ಟೆಗೆ ಬಂದದ್ದು 1950ರಲ್ಲಿ. ನಮ್ಮ ಸಂತೆಗಳನ್ನು ತಲುಪಿದ್ದು ಅದಕ್ಕೂ ಎಷ್ಟೋ ತಡವಾಗಿ. ಮಡಿಕೆಯ ಒಳಗಿನಿಂದ ಒಂದು ಎಳೆ ಕಿತ್ತು ಸುಟ್ಟು ನೋಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಗುಂಡಾಗುತ್ತದೆ. ಮೂಲ ಕಸೂತಿಯೇ ಹಾಗೆ ಕರಗುವ ನೂಲಿನದಾಗಿದ್ದರೆ ಆ ಬಟ್ಟೆಗೆ ನೂರು ವರ್ಷ ಆಗಿರಲು ಸಾಧ್ಯವಿಲ್ಲ.

ಬಣ್ಣ ಮಾಸಿದೆ, ಅಂಚು ಹರಿದಿದೆ, ಆದ್ದರಿಂದ ಹಳೆಯದು ಎನ್ನುವುದು ಎರಡನೆಯ ಮಾತು. ಸವೆತ ಹೇಳುವುದು ದುಡಿಮೆಯನ್ನು, ವಯಸ್ಸನ್ನಲ್ಲ. ಜಗಳೂರಿನ ಬಿಸಿಲಲ್ಲಿ ದಿನವೂ ಹೊಲಕ್ಕೆ ಉಟ್ಟ ಫೇಟಿಯಾ ಕೆಲವೇ ವರ್ಷಗಳಲ್ಲಿ ಬಿಳಿಚಿಕೊಳ್ಳುತ್ತದೆ. ಮದುವೆಗೆಂದು ಹೊಲಿದು ಮಡಿಸಿಟ್ಟದ್ದು ಎರಡು ತಲೆಮಾರು ಕಳೆದರೂ ಕೆಂಪಾಗಿಯೇ ಇರುತ್ತದೆ.

ಮೂರನೆಯದು ನಾಣ್ಯದ ವಾದ. ವ್ಯಾಪಾರಿಗಳು ಹೆಚ್ಚು ನೆಚ್ಚಿಕೊಂಡಿರುವುದು ಇದನ್ನೇ: ನಾಣ್ಯದ ಮೇಲೆ 1944 ಎಂದಿದೆ, ಆದ್ದರಿಂದ ಕಾಂಚಳಿಯೂ 1944ರದು. ಇದು ತಲೆಕೆಳಗಾದ ಲೆಕ್ಕ. 1943ರಿಂದ 1947ರವರೆಗೆ ಟಂಕಿಸಿದ ನಡುವೆ ತೂತಿನ ಕಾಸು ದಾರ ಪೋಣಿಸಲು ಹೇಳಿ ಮಾಡಿಸಿದಂತಿತ್ತು. ಅದು ಅಜ್ಜಿಯ ಬಟ್ಟೆಯಿಂದ ಬಿಚ್ಚಿ ಮೊಮ್ಮಗಳ ಬಟ್ಟೆಗೆ ಬಂದಿರಬಹುದು. ನಾಣ್ಯ ಹೇಳುವುದು ಇಷ್ಟೇ: ಇದನ್ನು ನನಗಿಂತ ಮೊದಲು ಪೋಣಿಸಿರಲು ಆಗದು. ಹಾಗಾಗಿ ನೋಡಬೇಕಾದದ್ದು ಅತಿ ಹಳೆಯ ನಾಣ್ಯವನ್ನಲ್ಲ, ಅತಿ ಹೊಸದನ್ನು. ಆ ಕಾಸಿನ ಪಕ್ಕದಲ್ಲೇ 'ನಯಾ ಪೈಸೆ' ಇದ್ದರೆ 1957ರ ಏಪ್ರಿಲ್‌ಗಿಂತ ಹಿಂದೆ ಹೋಗುವಂತಿಲ್ಲ. ಕಮಲದ ಚಿತ್ರದ ಹಿತ್ತಾಳೆ ಬಣ್ಣದ ಇಪ್ಪತ್ತು ಪೈಸೆ ಇದ್ದರೆ 1968ರ ಈಚೆ. ಇನ್ನೊಂದು ಎಚ್ಚರ: 25 ಪೈಸೆ ಮತ್ತು ಅದಕ್ಕಿಂತ ಚಿಕ್ಕ ನಾಣ್ಯಗಳ ಚಲಾವಣೆ 2011ರ ಜೂನ್ 30ಕ್ಕೆ ನಿಂತಿತು. ಆಮೇಲೆ ಅವು ಅಲಂಕಾರಕ್ಕಷ್ಟೇ ಉಳಿದವು. ನಿನ್ನೆ ಹೊಲಿದ ಬಟ್ಟೆಯಲ್ಲೂ ಕಾಣಬಹುದು.

ಹಾಗಾದರೆ ನಾಣ್ಯ ಮೊದಲಿನಿಂದಲೂ ಅಲ್ಲೇ ಇತ್ತೆಂದು ತಿಳಿಯುವುದು ಹೇಗೆ? ಅದನ್ನು ಮೆಲ್ಲಗೆ ಎತ್ತಿ ಅಡಿಯ ಬಟ್ಟೆ ನೋಡಿ. ಸುತ್ತಲೂ ಮಾಸಿ, ಅಡಿಯಲ್ಲಿ ಮಾತ್ರ ಗುಂಡಗೆ ಗಾಢ ಬಣ್ಣ ಉಳಿದಿದ್ದರೆ ಬಹುಕಾಲದಿಂದ ಅಲ್ಲಿದೆ. ಎಲ್ಲ ಒಂದೇ ಸಮ ಮಾಸಿದ್ದರೆ ಆಮೇಲೆ ಸೇರಿಸಿದ್ದು. ಮೆಷಿನ್ ಹೊಲಿಗೆಗೂ ಇದೇ ಪರೀಕ್ಷೆ: ಕಸೂತಿಯ ಎಳೆ ಮೆಷಿನ್ ಗೆರೆಯ ಮೇಲೆ ಹಾದುಹೋಗಿದ್ದರೆ ಮೆಷಿನ್ ಮೊದಲು, ಮೆಷಿನ್ ಗೆರೆ ಕಸೂತಿಯನ್ನು ತುಳಿದಿದ್ದರೆ ಅದು ದುರಸ್ತಿ.

ನಾಲ್ಕನೆಯ ಆಕ್ಷೇಪ ಅಭಿಮಾನಿಗಳದು, ನನಗೆ ಹೆಚ್ಚು ನೋವು ಕೊಟ್ಟದ್ದೂ ಇದೇ. ಪ್ಲಾಸ್ಟಿಕ್ ಮಣಿ, ಪಾಲಿಯೆಸ್ಟರ್ ಬಟ್ಟೆ ಬಂದ ಮೇಲಿನದು ಲಂಬಾಣಿ ಉಡುಪೇ ಅಲ್ಲ, ಅದರ ಕಾಲ ಹುಡುಕಿ ಫಲವೇನು ಎನ್ನುತ್ತಾರೆ. ಲಂಬಾಣಿಗರ ಸಂತ ಸೇವಾಲಾಲರ ಜನ್ಮಸ್ಥಳವೆಂದು ನಂಬುವ, ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪಕ್ಕೆ ಫೆಬ್ರವರಿಯ ಜಾತ್ರೆಯಲ್ಲಿ ಹೋಗಿ ನಿಲ್ಲಿ. ಆ ಉಡುಪು ತೊಟ್ಟು ಬಂದ ಯಾವ ಹೆಣ್ಣುಮಗಳಿಗೆ 'ನಿನ್ನದು ಅಸಲಿಯಲ್ಲ' ಎಂದು ಹೇಳುವಿರಿ? ದಂತದ ಬಲಿಯಾ (ಬಳೆ) ಹೋಗಿ ಪ್ಲಾಸ್ಟಿಕ್ ಬಂತು; 1986ರಲ್ಲಿ ಕಾನೂನೇ ಭಾರತದ ಆನೆದಂತದ ವ್ಯಾಪಾರ ನಿಲ್ಲಿಸಿತು. ಕಬ್ಬು ಕಡಿಯಲು ಊರೂರು ಅಲೆಯುವ ಮನೆತನಕ್ಕೆ ಒಗೆದರೆ ಬೇಗ ಒಣಗುವ, ಬಣ್ಣ ಬಿಡದ ಬಟ್ಟೆ ಬೇಕಿತ್ತು. ಆ ಆಯ್ಕೆ ಮಾಡಿದವಳು ಕಲೆ ಕೆಡಿಸಲಿಲ್ಲ, ಮುಂದುವರಿಸಿದಳು. 1970ರ ದಶಕದ ಫೇಟಿಯಾಕ್ಕೆ ಈಗ ಸುಮಾರು ಐವತ್ತು ವರ್ಷ. 'ಪ್ಲಾಸ್ಟಿಕ್ಕಿನದು' ಎಂದು ಹಳಿದು ಅದನ್ನು ಚಿಂದಿಯ ಬೆಲೆಗೆ ಒಯ್ಯುವವರಿಗೆ ಈ ಅಭಿಮಾನಿಗಳು ತಿಳಿಯದೆಯೇ ನೆರವಾಗುತ್ತಿದ್ದಾರೆ.

ಐದನೆಯದು: ಮುದುಕಿಯರ ನೆನಪನ್ನು ನಂಬಬಾರದು. ವರ್ಷ ಕೇಳಿದರೆ ಅವರಿಗೆ ಹೊಳೆಯದಿರಬಹುದು, ಕೇಳಬೇಕಾದದ್ದು ವರ್ಷವನ್ನಲ್ಲ. 'ಯಾಡಿ (ತಾಯಿ), ಇದನ್ನು ಹೊಲಿದಾಗ ನಾಲೆಗೆ ನೀರು ಬಂದಿತ್ತಾ?' ಎಂದು ಚನ್ನಗಿರಿ ಕಡೆಯ ತಾಂಡಾದಲ್ಲಿ ಕೇಳಿ. ಭದ್ರಾ ಅಣೆಕಟ್ಟೆ ಮುಗಿದದ್ದು 1965ರಲ್ಲಿ; ಅದರ ಆಚೆಗೋ ಈಚೆಗೋ ಎಂಬುದು ಅವರ ಉತ್ತರದಲ್ಲೇ ಸಿಗುತ್ತದೆ. ಒಳಗಿನ ತೇಪೆಗೆ ಜವಳಿ ಅಂಗಡಿಯ ಕೈಚೀಲದ ಬಟ್ಟೆ ಹಾಕಿದ್ದರೆ ವಿಳಾಸ ಓದಿ. 'ಮೈಸೂರು ರಾಜ್ಯ' ಎಂದಿದ್ದರೆ ಚೀಲ ಅಚ್ಚಾದದ್ದು 1973ರ ನವೆಂಬರ್‌ಗೆ ಮೊದಲು ಎನ್ನಬಹುದು. ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್‌ನ ನಂತರ. ಹೊನ್ನಾಳಿ, ಚನ್ನಗಿರಿಗಳು ಶಿವಮೊಗ್ಗ ಜಿಲ್ಲೆಯಲ್ಲೂ ಜಗಳೂರು ಚಿತ್ರದುರ್ಗದಲ್ಲೂ ಇದ್ದದ್ದು 1997ರವರೆಗೆ; ಈ ಊರುಗಳ ವಿಳಾಸದಲ್ಲಿ ಆ ಜಿಲ್ಲೆಗಳ ಹೆಸರಿದ್ದರೆ ಚೀಲ ಅದಕ್ಕೂ ಹಿಂದಿನದು ಎನ್ನಬಹುದು. ಆದರೆ ತೇಪೆಯ ಕಾಲ ತೇಪೆಯದೇ. ಉಡುಪು ಅದಕ್ಕಿಂತ ಹಳೆಯದು.

ಕೊನೆಯ ಮಾತು ವ್ಯಾಪಾರಿಗಳದು: ಇಷ್ಟೆಲ್ಲ ಬಿಡಿಸಿ ಹೇಳಿದರೆ ಬೆಲೆ ಕುಸಿಯುತ್ತದೆ. ಯಾರ ಬೆಲೆ? 'ನೂರು ವರ್ಷದ್ದು' ಎಂಬ ಚೀಟಿ ಅಂಟುವುದು ತಾಂಡಾ ದಾಟಿದ ಮೇಲೆ. ಆ ಸುಳ್ಳಿನ ಲಾಭದಲ್ಲಿ ಮಾರಿದವಳಿಗೆ ಪಾಲಿಲ್ಲ. ಚೀಟಿ ಬರೆಯುವುದಾದರೆ ಅವಳ ಮನೆಯ ಮುಂದೆಯೇ ಬರೆಯಿರಿ: ಯಾವ ತಾಂಡಾ, ಯಾರು ಹೊಲಿದದ್ದು, ಯಾರ ಮದುವೆಗೆ, ಅತಿ ಹೊಸ ನಾಣ್ಯ ಯಾವ ವರ್ಷದ್ದು, ದುರಸ್ತಿ ಎಲ್ಲೆಲ್ಲಿ. ಬೆಲೆ ಮಾತಾಡುವುದು ಅದಾದ ಮೇಲೆ.