ಸೂರು ಉಳಿದ ಊರಲ್ಲಿ ಹುಳು ಉಳಿದಿಲ್ಲ

ಒಂದು ತಿಂಗಳಿಂದ ಇಲ್ಲಿ ಏನೂ ಬರೆದಿರಲಿಲ್ಲ. ಡೈರಿ ಹತ್ರ ಸಿಕ್ಕವರೆಲ್ಲ "ಜಪಾನ್ ಹೆಂಗಿತ್ತಣ್ಣ" ಅಂತ ಕೇಳ್ತಾನೇ ಇದೀರಿ. ಬುಲೆಟ್ ರೈಲು, ದೊಡ್ಡ ಬಿಲ್ಡಿಂಗು ಎಲ್ಲ ನಿಮ್ಮ ಮಕ್ಕಳ ಮೊಬೈಲಲ್ಲೇ ಸಿಗುತ್ತೆ, ನೋಡ್ಕೊಳ್ಳಿ. ನಾನು ಬರೆಯೋದು ಒಂದೇ ಒಂದು ದಿನದ ಬಗ್ಗೆ. ಅವತ್ತು ನೋಡಿದ್ದು ನಮ್ಮ ಕಸುಬಿಗೆ, ನಮ್ಮ ಜಮೀನಿಗೆ ಸಂಬಂಧಪಟ್ಟಿದ್ದು. ಉದ್ದ ಆಗುತ್ತೆ, ಪುರುಸೊತ್ತು ಮಾಡ್ಕೊಂಡು ಓದಿ.

ಮೊದಲು ಒಂದು ವಿಷಯ ಒಪ್ಪಿಕೊಂಡುಬಿಡ್ತೀನಿ. ಹೋಗೋಕೆ ಮುಂಚೆ ನನ್ನ ಎರಡೂವರೆ ಎಕರೆಗೆ ಒಬ್ಬ ಬ್ರೋಕರ್ ಬಂದಿದ್ದ. ಪಕ್ಕದ ಎರಡು ಹೊಲ ಆಗಲೇ ಲೇಔಟಿಗೆ ಹೋಗಿರೋದು ನಿಮಗೆಲ್ಲ ಗೊತ್ತೇ ಇದೆ. ಗಾಡಿ ದಾರಿಗೆ ಬೇಲಿ ಬಿದ್ದಿದೆ, ಸೊಪ್ಪು ತಲೆ ಮೇಲೆ ಹೊತ್ತು ತರೋ ಹಂಗಾಗಿದೆ. ಹುಳ ಹಣ್ಣಾದ ದಿನ ಆಳು ಸಿಗೋಲ್ಲ. "ವಾಪಸ್ ಬಂದ ಮೇಲೆ ಹೇಳ್ತೀನಪ್ಪ" ಅಂದಿದ್ದೆ. ನಿಜ ಹೇಳ್ಬೇಕಂದ್ರೆ ಮನಸ್ಸು ಮುಕ್ಕಾಲು ಪಾಲು ಮಾರೋ ಕಡೆಗೇ ಇತ್ತು. ಆ ಮನಸ್ಸಲ್ಲೇ ವಿಮಾನ ಹತ್ತಿದ್ದು.

ಮಗ ನಗೋಯಾ ಊರಿನ ಹತ್ರ ಕಾರಿನ ಬಿಡಿಭಾಗ ಮಾಡೋ ಕಾರ್ಖಾನೆಯಲ್ಲಿದ್ದಾನೆ. ಮೇ ಕೊನೆಯ ಒಂದು ಭಾನುವಾರ ಬೆಳಗಿನ ಜಾವ ಐದಕ್ಕೆ ನಮ್ಮಿಬ್ಬರನ್ನೂ ಸೊಸೆಯನ್ನೂ ಕಾರಲ್ಲಿ ಕೂರಿಸ್ಕೊಂಡು ಉತ್ತರಕ್ಕೆ, ಗುಡ್ಡಗಾಡಿನ ಕಡೆ ಹೊರಟ. "ಅಪ್ಪಾ, ಇವತ್ತು ನಿನಗೆ ಹುಳುಮನೆ ತೋರಿಸ್ತೀನಿ" ಅಂದ. ತಮಾಷೆ ಅಂದ್ಕೊಂಡೆ.

ಎರಡೂವರೆ ಗಂಟೆಗೆ ತಕಾಯಾಮಾ ಅನ್ನೋ ಹಳೇ ಪೇಟೆ. ಹೊಳೆ ದಂಡೆಯ ಮೇಲೆ ಬೆಳಗಿನ ಸಂತೆ. ನಮ್ಮ ಸಂತೆ ಥರಾನೇ ಹೆಂಗಸರೇ ಕೂತು ತರಕಾರಿ, ಕೆಂಪು ಗೆಡ್ಡೆಯ ಉಪ್ಪಿನಕಾಯಿ, ಹೂವು ಮಾರ್ತಾರೆ. ಒಂದೇ ವ್ಯತ್ಯಾಸ ಏನಂದ್ರೆ ಕೂಗಾಟ ಇಲ್ಲ. ಅಲ್ಲಿಂದ ಒಳಗೆ ಹೋದರೆ ಹಳೇ ಬೀದಿಗಳು. ಕಪ್ಪು ಮರದ ಮನೆ, ಮರದ ಜಾಲರಿ ಕಿಟಕಿ, ರಸ್ತೆ ಅಂಚಲ್ಲಿ ಚರಂಡಿ ಅಂದ್ಕೊಂಡು ಬಗ್ಗಿ ನೋಡಿದರೆ ತಿಳಿನೀರು ಹರೀತಿತ್ತು. ಈ ಸೀಮೆಯ ಹೆಸರು ಹಿದಾ. ಸಾವಿರದ ಮುನ್ನೂರು ವರ್ಷದ ಹಿಂದೆ ಇಲ್ಲಿನವರು ಕಂದಾಯಕ್ಕೆ ಬದಲಾಗಿ ಬಡಗಿಗಳನ್ನ ರಾಜಧಾನಿಗೆ ಕಳಿಸ್ತಿದ್ದರಂತೆ. ಅಲ್ಲಿ ದೇವಸ್ಥಾನ, ಅರಮನೆ ಕಟ್ಟಿ ಬರ್ತಿದ್ದರು. ಬೆಳೆ ಕಮ್ಮಿ ಇರೋ ಗುಡ್ಡದ ಊರು, ಕೈ ಕೆಲಸಾನೇ ತೆರಿಗೆ.

ಅದೇ ಪೇಟೇಲಿ ಹಳೇ ಸರ್ಕಾರಿ ಕಚೇರಿ ಇದೆ, ತಕಾಯಾಮಾ ಜಿನ್ಯಾ ಅಂತ. 1692ರಲ್ಲಿ ಎದೋ ಪಟ್ಟಣದ ಶೋಗನ್ ಸರ್ಕಾರ ಈ ಸೀಮೆಯನ್ನ ನೇರವಾಗಿ ತನ್ನ ಕೈಗೆ ತಗೊಂಡಿತು, ಕಾಡಿನ ಮರದ ಮೇಲೆ ಕಣ್ಣಿಟ್ಟು. ನಮ್ಮ ತಾಲೂಕು ಕಚೇರಿ, ಖಜಾನೆ, ಕೋರ್ಟು ಮೂರೂ ಒಂದೇ ಕಟ್ಟಡದಲ್ಲಿದ್ದರೆ ಹೆಂಗೋ ಹಂಗೆ. ರೈತರಿಂದ ಬಂದ ಅಕ್ಕಿ ತುಂಬೋ ದೊಡ್ಡ ಕಣಜ, ಹುಲ್ಲಿನ ಮೂಟೆಗಳು ಈಗಲೂ ಹಂಗೇ ಜೋಡಿಸಿಟ್ಟಿದ್ದಾರೆ. 1773ರಲ್ಲಿ ಅಧಿಕಾರಿ ಜಮೀನೆಲ್ಲ ಮತ್ತೆ ಅಳೆಸಿದ, ಕಂದಾಯ ಏರಿತು. ರೈತರು ತಿರುಗಿ ಬಿದ್ದರು. ಮುಂದೆ ನಿಂತವರ ತಲೆ ಹೋಯ್ತು. ಆ ಕಣಜದ ಮುಂದೆ ನಿಂತಾಗ ಒಂದು ಅನ್ನಿಸ್ತು: ಭೂಮಿ ಅಳೆಯೋ ಹಗ್ಗ ಬಂದಾಗ ರೈತನ ಎದೆ ಬಡ್ಕೊಳ್ಳೋದು ಎಲ್ಲ ದೇಶದಲ್ಲೂ ಒಂದೇ.

ಅಲ್ಲಿಂದ ಮುಂದೆ ಹೆಚ್ಚುಕಮ್ಮಿ ಹನ್ನೊಂದು ಕಿಲೋಮೀಟರ್ ಉದ್ದದ ಒಂದು ಸುರಂಗ. ಆ ಕಡೆ ಬಂದರೆ ಶಿರಕಾವಾ-ಗೋ ಕಣಿವೆ, ಓಗಿಮಾಚಿ ಅನ್ನೋ ಊರು. ಈ ಹೆದ್ದಾರಿ ಪೂರ್ತಿ ಆಗಿದ್ದು 2008ರಲ್ಲಿ. ಹಿಂದಿನ ಕಾಲದಲ್ಲಿ ಚಳಿಗಾಲಕ್ಕೆ ಆಳೆತ್ತರ ಹಿಮ ಬಿದ್ದರೆ ಊರೇ ಬಂದ್.

ಮನೆಗಳನ್ನ ಹೇಗೆ ಹೇಳಲಿ? ಎರಡು ಕೈ ಜೋಡಿಸಿ ನಮಸ್ಕಾರ ಮಾಡಿದ ಹಾಗೆ ಕಡಿದಾದ ಹುಲ್ಲಿನ ಸೂರು, ನೆಲಕ್ಕೆ ಬಾಗಿ ಬಂದಿರುತ್ತೆ. ಅದಕ್ಕೇ ಗಸ್ಶೋ ಮನೆ ಅಂತಾರೆ, ಕೈಮುಗಿದ ಮನೆ ಅಂತಲೇ ಅರ್ಥ. ಹಿಮ ನಿಲ್ಲದೆ ಜಾರಲಿ ಅಂತ ಆ ಇಳಿಜಾರು. ಸೂರಿನ ಗಳುಗಳಿಗೆ ಒಂದು ಮೊಳೆ ಹೊಡೆದಿಲ್ಲ, ಎಲ್ಲಾ ಹಗ್ಗ ಮತ್ತೆ ನೆನೆಸಿ ಹೊಸೆದ ಹಸಿ ಬರಲಿನ ಕಟ್ಟು. ಗಾಳಿಗೆ, ಹಿಮದ ಭಾರಕ್ಕೆ ಬಗ್ಗುತ್ತೆ, ಮುರಿಯೋಲ್ಲ. ಮನೆಮನೆ ಮಧ್ಯೆ ಗದ್ದೆ, ಆಗಷ್ಟೇ ನಾಟಿ ಆಗಿತ್ತು. ಕಪ್ಪೆ ವಟಗುಟ್ತಿದ್ವು. ನಮ್ಮವಳು "ಊರ ಮಧ್ಯೆನೇ ಗದ್ದೆ ಮಾಡವ್ರಲ್ರೀ" ಅಂತ ಬದುವಿನ ಮೇಲೇ ಕೂತುಬಿಟ್ಟಳು.

ವಾದಾ ಮನೆತನದ ಮನೆ ದೊಡ್ಡದು, ಟಿಕೆಟ್ ಇಟ್ಟಿದ್ದಾರೆ. ಕೆಳಗೆ ನೆಲದಲ್ಲೇ ತೋಡಿದ ಒಲೆ, ಬೆಂಕಿ ಉರೀತಿತ್ತು. ಏಣಿ ಹತ್ತಿ ಅಟ್ಟಕ್ಕೆ ಹೋದೆ. ನೋಡ್ತೀನಿ, ಸೊಪ್ಪಿನ ಬುಟ್ಟಿ, ಹುಳುವಿನ ತಟ್ಟೆ, ಚಂದ್ರಿಕೆ! ಬಿದಿರಿನ ಬದಲು ಹುಲ್ಲಲ್ಲಿ ಹೆಣೆದಿದ್ದು, ಆದರೂ ಕಂಡ ತಕ್ಷಣ ಗುರುತು ಸಿಕ್ತು. ಆ ಮನೆಗಳ ಅಟ್ಟ ಪೂರ್ತಿ ಹುಳುಮನೆ. ಅಟ್ಟದ ಮೇಲೆ ಅಟ್ಟ. ಹಲಗೆ ಮಧ್ಯೆ ಸಂದಿ ಬಿಟ್ಟಿದ್ದಾರೆ, ಕೆಳಗಿನ ಒಲೆಯ ಬಿಸಿ ಹುಳಕ್ಕೆ ತಗುಲಲಿ ಅಂತ. ಅದೇ ಹೊಗೆ ಸೂರಿನ ಹುಲ್ಲಿಗೆ ಹುಳ ಹಿಡಿಯದ ಹಾಗೆ, ಹಗ್ಗ ಗಟ್ಟಿಯಾಗೋ ಹಾಗೆ ಕಾಯುತ್ತೆ. ನಾವು ಚಳಿಗಾಲದಲ್ಲಿ ಹೀಟರ್ ಇಟ್ಟು ಕರೆಂಟ್ ಹೋಯ್ತು ಅಂತ ಒದ್ದಾಡ್ತೀವಿ. ಅವರು ಅಡುಗೆ ಬೆಂಕಿಯಲ್ಲೇ ಎರಡೂ ಕೆಲಸ ಮುಗಿಸ್ತಿದ್ದರು.

ಇಪ್ಪತ್ತು ನಿಮಿಷ ಮುಂದೆ ಗೊಕಾಯಾಮಾ ಸೀಮೆಯ ಸುಗಾನುಮಾ ಅನ್ನೋ ಪುಟ್ಟ ಊರಿದೆ, ಒಂಬತ್ತೇ ಗಸ್ಶೋ ಮನೆ. ಅಲ್ಲಿ ಇನ್ನೊಂದು ಸೋಜಿಗ. ಒಲೆ ಪಕ್ಕದ ನೆಲದಡಿ ಗುಂಡಿ ತೋಡಿ ಮಣ್ಣು, ಸೊಪ್ಪುಸದೆ, ಹುಳದ ಹಿಕ್ಕೆ ಪದರ ಪದರವಾಗಿ ಹಾಕಿ ನಾಲ್ಕೈದು ವರ್ಷ ಕೊಳೆಸಿ ಮದ್ದಿನುಪ್ಪು ತೆಗೀತಿದ್ದರು. ಕೋವಿಮದ್ದಿಗೆ ಬೇಕಾದ ಆ ಉಪ್ಪು ಅಲ್ಲಿನ ಕಾಗಾ ದೊರೆಗಳಿಗೆ ಹೋಗ್ತಿತ್ತು. ನಾವು ಹಿಕ್ಕೆಯನ್ನ ತಿಪ್ಪೆಗೆ ಹಾಕಿ ಸುಮ್ಮನಾಗ್ತೀವಿ.

ಈಗ ಅಸಲಿ ವಿಷಯಕ್ಕೆ ಬರ್ತೀನಿ. ಆ ಸೂರಿನ ಹುಲ್ಲು ಮೂವತ್ತು ನಲವತ್ತು ವರ್ಷಕ್ಕೊಮ್ಮೆ ಬದಲಿಸಬೇಕು. ಒಂದು ಮನೆಯವರ ಕೈಲಿ ಆಗೋ ಕೆಲಸವೇ ಅಲ್ಲ. ಊರಿಗೆ ಊರೇ ಬಂದು, ನೂರು ಇನ್ನೂರು ಜನ ಸೂರಿನ ಮೇಲೆ ಇರುವೆ ಥರ ಸಾಲುಗಟ್ಟಿ, ಒಂದು ಪಕ್ಕವನ್ನ ಒಂದೆರಡು ದಿನದಲ್ಲಿ ಮುಗಿಸ್ತಾರೆ. ಇವತ್ತು ನಿಮ್ಮನೆಗೆ ನಾನು, ನಾಳೆ ನಮ್ಮನೆಗೆ ನೀವು. ಯಾರು ಎಷ್ಟು ಹುಲ್ಲು ತಂದರು, ಎಷ್ಟು ಹಗ್ಗ, ಎಷ್ಟು ಆಳು ಅಂತ ಪುಸ್ತಕದಲ್ಲಿ ಬರೆದಿಡ್ತಿದ್ದರು, ನಾವು ಮದುವೇಲಿ ಮುಯ್ಯಿ ಬರೆಸ್ತೀವಲ್ಲ, ಹಂಗೆ. ಇದಕ್ಕೆ ಅವರ ಮಾತಲ್ಲಿ ಏನಂತಾರೆ ಗೊತ್ತಾ? ಯುಯಿ. ಮಗ ಹೇಳಿದಾಗ ಕಿವಿಗೆ ಮುಯ್ಯಿ ಅಂತಲೇ ಕೇಳಿಸ್ತು, ಎರಡು ಸಲ ಕೇಳಿದೆ. ಪದಕ್ಕೆ ಪದ ಸಂಬಂಧ ಇಲ್ಲದೆ ಇರಬಹುದು, ಕೆಲಸ ಮಾತ್ರ ಅದೇ.

ಇನ್ನೊಂದು ಸಂಗತಿ. 1961ರಲ್ಲಿ ಆ ಹೊಳೆಗೆ ದೊಡ್ಡ ಅಣೆಕಟ್ಟು ಮುಗೀತು, ಮೇಲಿನ ಊರುಗಳು ಮುಳುಗಿದವು. ಹುಡುಗರು ಪಟ್ಟಣಕ್ಕೆ ಹೋದರು. ಹೊರಗಿನವರು ಬಂದು ಮನೆ ಕೊಂಡು, ಬಿಚ್ಚಿ, ಲಾರಿಗೆ ತುಂಬಿ ಬೇರೆ ಊರಲ್ಲಿ ಹೋಟೆಲು ಮಾಡ್ತಿದ್ದರು. 1971ರಲ್ಲಿ ಓಗಿಮಾಚಿಯವರು ಸಭೆ ಸೇರಿ ಮೂರು ಮಾತಿನ ಕಟ್ಟು ಹಾಕಿಕೊಂಡರು: ಮಾರಬಾರದು, ಬಾಡಿಗೆಗೆ ಕೊಡಬಾರದು, ಕೆಡವಬಾರದು. ಸರ್ಕಾರದ ರಕ್ಷಣೆ ಬಂದಿದ್ದು 1976ರಲ್ಲಿ. ಯುನೆಸ್ಕೋ ಪಟ್ಟಿಗೆ ಸೇರಿದ್ದು 1995ರಲ್ಲಿ. ವರ್ಷ ನೋಡಿ. ಮೊದಲು ಊರವರು ಒಂದಾದರು, ಆಮೇಲೆ ಸರ್ಕಾರ, ಆಮೇಲೆ ಪ್ರಪಂಚ. ನಾವು ಉಲ್ಟಾ ಕಾಯ್ತಾ ಕೂತಿದ್ದೀವಿ.

ಹಾಗಂತ ಹೊಗಳಿ ಅಟ್ಟಕ್ಕೇರಿಸೋಕೆ ಬರೀತಿಲ್ಲ. ಅಟ್ಟ ಇಳಿದು ಬರುವಾಗ ನನಗೆ ಒಳಗೊಳಗೇ ಸಂಕಟ ಆಯ್ತು. ಸೂರು ಇದೆ, ತಟ್ಟೆ ಇದೆ, ಚಂದ್ರಿಕೆ ಇದೆ, ಕಸುಬಿಗೆ ಅಂತ ಮೇಯಿಸೋ ಹುಳ ಇಲ್ಲ. 1929ರ ಸುಮಾರಿಗೆ ಜಪಾನಲ್ಲಿ ಇಪ್ಪತ್ತೆರಡು ಲಕ್ಷ ರೈತ ಕುಟುಂಬ ಹುಳ ಮೇಯಿಸ್ತಿತ್ತು. ಆಮೇಲೆ ರೇಷ್ಮೆ ದರ ಬಿತ್ತು, ನೈಲಾನ್ ಬಂತು, ಯುದ್ಧ ಬಂತು, ಕಾರ್ಖಾನೆ ಬಂತು. ಈಗ ದೇಶಕ್ಕೆಲ್ಲ ಸೇರಿ ಇನ್ನೂರಕ್ಕೂ ಕಮ್ಮಿ ಲೆಕ್ಕಕ್ಕೆ ಇಳಿದಿದೆ. ನೆನಪಿರಲಿ, ನಾವು ಮೇಯಿಸೋ ಬಿಳಿ ಗೂಡಿನ ಸಿಎಸ್‌ಆರ್ ತಳಿಗಳು 1990ರ ದಶಕದಲ್ಲಿ ಮೈಸೂರಿನ ಸಂಶೋಧನಾ ಸಂಸ್ಥೆಯಲ್ಲಿ ಜಪಾನಿನವರ ನೆರವಿನಿಂದಲೇ ಆದದ್ದು. ಕಲಿಸಿದವರ ಊರಲ್ಲಿ ತಟ್ಟೆಗಳು ನೋಡೋ ಸಾಮಾನಾಗಿವೆ. ಪಕ್ಕದಲ್ಲಿದ್ದ ಹುಡುಗಿ ಒಬ್ಬಳು ಚಂದ್ರಿಕೆ ಜೊತೆ ಸೆಲ್ಫಿ ತಗೊಂಡಳು. ನನ್ನ ಮೊಮ್ಮಕ್ಕಳು ನಮ್ಮ ಚಂದ್ರಿಕೆಯನ್ನ ಹಂಗೆ ನೋಡೋ ದಿನ ಬರುತ್ತಾ ಅನ್ನಿಸ್ತು.

ಅಲ್ಲಿನವರನ್ನ ಈಗ ಸಾಕ್ತಿರೋದು ಹೆಚ್ಚಾಗಿ ಪ್ರವಾಸಿಗರು. ಸುಮಾರು ಒಂದೂವರೆ ಸಾವಿರ ಜನರ ಪಂಚಾಯಿತಿಗೆ ವರ್ಷಕ್ಕೆ ಹತ್ತು ಲಕ್ಷಕ್ಕೂ ಮೀರಿ ಜನ ಬರ್ತಾರೆ. ಅಂಗಳಕ್ಕೆ ನುಗ್ಗಬೇಡಿ, ಸಿಗರೇಟ್ ಸೇದಬೇಡಿ ಅಂತ ಬೋರ್ಡು ಹಾಕ್ಕೊಂಡು ಬದುಕಬೇಕು. ಒಂದು ಕಿಡಿ ಸಾಕು, ಊರೇ ಬೂದಿ. ಸೂರು ಹೊದಿಸೋದೂ ಈಗ ಎಲ್ಲ ಯುಯಿಯಲ್ಲೇ ಆಗೋಲ್ಲ, ಕೂಲಿ ಕೊಟ್ಟು ಮಾಡಿಸೋದೂ ಇದೆ, ಸರ್ಕಾರ ಹಣ ಕೊಡುತ್ತೆ. ನಮ್ಮೂರಿಗೆ ಯಾವ ಟೂರಿಸ್ಟೂ ಬರೋಲ್ಲ. ನಮ್ಮನ್ನ ಸಾಕಬೇಕಾದ್ದು ಗೂಡೇ.

ಆದ್ದರಿಂದ ಅವರ ಮೂರು ಮಾತನ್ನ ತಂದು ನಿಮ್ಮ ಮೇಲೆ ಹೇರೋಲ್ಲ. ಮಗಳ ಮದುವೆ, ಆಸ್ಪತ್ರೆ ಸಾಲ, ಅಣ್ಣತಮ್ಮಂದಿರ ಭಾಗ, ಇದೆಲ್ಲ ಇದ್ದಾಗ "ಮಾರಬೇಡ" ಅನ್ನೋಕೆ ನಾನ್ಯಾರು? ನಾನೇ ಮುಕ್ಕಾಲು ಮಾರಿದ್ದವನು. ಆದರೆ ಯೋಚನೆ ಮಾಡಿ. ನನ್ನನ್ನ ಅಲ್ಲಿಗೆ ತಂದು ನಿಲ್ಲಿಸಿದ್ದು ಎರಡೇ: ಒಂದು, ಪಕ್ಕದವರು ಹೇಳದೆ ಕೇಳದೆ ಮಾರಿ ದಾರಿ ಮುಚ್ಚಿದ್ದು. ಎರಡು, ಹುಳ ಹಣ್ಣಾದ ದಿನ ಕೈ ಸಾಲದ್ದು. ಎರಡೂ ಒಬ್ಬನೇ ಸರಿ ಮಾಡೋಕೆ ಆಗೋ ಕೆಲಸ ಅಲ್ಲ, ಹತ್ತು ಜನ ಕೂತರೆ ಆಗುತ್ತೆ.

ನನ್ನ ಅಭಿಪ್ರಾಯ ಇಷ್ಟು. ಯಾರಾದರೂ ಮಾರೋ ಮುಂಚೆ ಸುತ್ತಲಿನ ನಾಲ್ಕು ಜನಕ್ಕೆ ಒಂದು ಮಾತು ಹೇಳಲಿ. ಕೊಳ್ಳೋ ಶಕ್ತಿ ಇದ್ದವರು ಕೊಳ್ಳಲಿ. ಇಲ್ಲದಿದ್ದರೆ ಗಾಡಿ ದಾರಿ, ನೀರಿನ ಕಾಲುವೆ ಬಿಡಬೇಕು ಅಂತ ಪತ್ರದಲ್ಲೇ ಬರೆಸಲಿ. ಇದಕ್ಕೆ ಖರ್ಚಿಲ್ಲ, ನಾಲಿಗೆ ಆಡಿಸಿದರೆ ಸಾಕು.

ಎರಡನೇದು ಮುಯ್ಯಾಳು. ನಮ್ಮ ಅಪ್ಪಂದಿರ ಕಾಲದಲ್ಲಿ ನಾಟಿಗೆ, ಕಳೆಗೆ ಇತ್ತು, ನಾವೇ ಬಿಟ್ಟಿದ್ದು. ನಮ್ಮ ಸುತ್ತ ಏಳು ಹುಳುಮನೆ ಇವೆ. ಎಲ್ಲರೂ ಒಂದೇ ವಾರ ಚಾಕಿ ತರ್ತೀವಿ, ಎಲ್ಲರ ಹುಳಾನೂ ಒಟ್ಟಿಗೆ ನಾಲ್ಕನೇ ಜ್ವರ ಎದ್ದು, ಒಟ್ಟಿಗೆ ಹಣ್ಣಾಗಿ, ಒಟ್ಟಿಗೆ ಆಳಿಗೆ ಅಲೀತೀವಿ. ಚಾಕಿ ಕೇಂದ್ರಕ್ಕೆ ಹೇಳಿ ನಾಲ್ಕು ನಾಲ್ಕು ದಿನ ಅಂತರದಲ್ಲಿ ತಂದರೆ ಒಬ್ಬರದು ಚಂದ್ರಿಕೆಗೆ ಬಿಡುವಾಗ ಇನ್ನೊಬ್ಬರದು ಇನ್ನೂ ಸೊಪ್ಪು ತಿಂತಿರುತ್ತೆ. ಮನೆಗೆ ಇಬ್ಬರಂತೆ ಬಂದರೂ ಹದಿನಾಲ್ಕು ಕೈಗೂಡಿದವು. ಸೋಂಕು ಮನೆಯಿಂದ ಮನೆಗೆ ಹರಡುತ್ತೆ ಅನ್ನೋ ಭಯ ಸರಿಯೇ. ಕಾಲು ಕೈ ತೊಳೆದು, ಬಟ್ಟೆ ಬದಲಿಸಿ ಒಳಗೆ ಬರೋಣ. ಕೂಲಿ ಆಳು ಹತ್ತು ಹುಳುಮನೆ ಸುತ್ತಿ ಬರೋವಾಗ ಯಾರು ಕೇಳ್ತೀವಿ? ಲೆಕ್ಕ ತಪ್ಪದ ಹಾಗೆ ಒಂದು ಪುಸ್ತಕ ಇಡೋಣ, ಅದನ್ನ ನಾನೇ ಬರೀತೀನಿ.

ಬಂದ ಮಾರನೇ ದಿನ ಬ್ರೋಕರ್ ಫೋನ್ ಮಾಡಿದ. "ಈ ವರ್ಷ ಬೇಡ" ಅಂದೆ. ಯಾವತ್ತೂ ಬೇಡ ಅನ್ನೋ ಧೈರ್ಯ ಇನ್ನೂ ಬಂದಿಲ್ಲ, ಸುಳ್ಳು ಹೇಳೋಲ್ಲ. ಮುಂದಿನ ವರ್ಷ ಏನು ಹೇಳ್ತೀನಿ ಅನ್ನೋದು ಅರ್ಧ ನನ್ನ ಕೈಲಿದೆ, ಅರ್ಧ ನಿಮ್ಮ ಕೈಲಿದೆ.

ಒಪ್ಪಿಗೆ ಇರೋರು, ಬೈಯೋರು ಇಬ್ಬರೂ ಬರೀರಿ. ಭಾನುವಾರ ಸಂಜೆ ಹಾಲು ಹಾಕಿದ ಮೇಲೆ ಅರಳಿಕಟ್ಟೆ ಹತ್ರ ಕೂತಿರ್ತೀನಿ. ಪುಸ್ತಕ ತಂದಿರ್ತೀನಿ.