‘ಫಾರ್ಮ್ಯಾಟ್’ ಒತ್ತೋ ಮೊದಲು

ದೀಪಾವಳಿ ರಜೆಗೆ ಮೋರಟಗಿಗೆ ಹೋದಾಗ ಮನೆಯಲ್ಲಿ ನಮ್ಮ ಕೈಗೆ ಹಳೇ ಹಾರ್ಡ್ ಡಿಸ್ಕ್ ಕೊಟ್ಟರು. ಅದರಲ್ಲಿ ತೀರಿಹೋದ ಅಜ್ಜ ಹಾಡಿದ ಹಂತಿ ಪದಗಳಿದ್ದವು. ರಾಶಿ ಮಷೀನ್ ಬಂದ ಮೇಲೆ ನಮ್ಮ ಕಣದಾಗ ಹಂತಿ ಕಟ್ಟೋರೂ ಇಲ್ಲ, ಹಾಡೋರೂ ಇಲ್ಲ. ಲ್ಯಾಪ್‌ಟಾಪಿಗೆ ಹಚ್ಚಿದ್ರೆ ಲೈಟ್ ಹತ್ತಿತು, ಡಿಸ್ಕ್ ಮಾತ್ರ ಕಾಣಲಿಲ್ಲ. ಫಾರ್ಮ್ಯಾಟ್ ಹೊಡೀರಿ ಅಂದ ಒಬ್ಬ ಗೆಳೆಯ.

ನಾವು ಹೊಡೀಲಿಲ್ಲ. ಕೇಬಲ್ ಬದಲಿಸಿದ್ವಿ, ಆಮೇಲೆ ಪೋರ್ಟ್. ಯುಎಸ್‌ಬಿ 2.0 ಪೋರ್ಟ್ ಕೊಡೋದು 500 ಮಿಲಿಆಂಪಿಯರ್, 3.0 ಆದ್ರೆ 900. ಕರೆಂಟ್ ಸಾಲದಿದ್ರೆ ಲೈಟ್ ಹತ್ತಿದರೂ ಡಿಸ್ಕ್ ತಿರುಗದೇ ಇರಬಹುದು. ನೀಲಿ ಪೋರ್ಟಿಗೆ ಹಚ್ಚಿದಾಗ ತಿರುಗಿತು. ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್ ತೆಗೆದು ನೋಡಿದ್ರೆ ಅದಕ್ಕೆ ಡ್ರೈವ್ ಲೆಟರೇ ಇರಲಿಲ್ಲ. ಲೆಟರ್ ಕೊಟ್ವಿ, ಅಜ್ಜನ ದನಿ ಬಂತು. ಅವ್ವ ಒಲೆ ಬಿಟ್ಟು ಬಂದು ಕೂತಳು.

ಹಾಗಾಗಿ ನಮ್ಮ ಅಭಿಪ್ರಾಯ ಇಷ್ಟೇ: ಡಿಸ್ಕ್ ಕಾಣದಿದ್ರೆ ಒಳಗಿನದು ಹೋಯ್ತು ಅಂತಲ್ಲ. ಫಾರ್ಮ್ಯಾಟ್ ಮಾಡಲಾ ಅಂತ ಕೇಳಿದ್ರೆ ಕ್ಯಾನ್ಸಲ್ ಒತ್ತಿ. ಟಕ್ ಟಕ್ ಸದ್ದು ಬಂದ್ರೆ ಆಫ್ ಮಾಡಿ ಬಲ್ಲವರಿಗೆ ಕೊಡಿ. ಆದ್ರೆ ನಿಜವಾದ ತಪ್ಪು ಡಿಸ್ಕಿನದ್ದಲ್ಲ. ನಮ್ಮ ಅಸೈನ್‌ಮೆಂಟಿಗೆ ಪೆನ್‌ಡ್ರೈವ್, ಡ್ರೈವ್, ವಾಟ್ಸ್‌ಆ್ಯಪ್ ಅಂತ ಮೂರು ಕಾಪಿ ಇಟ್ಟಿದ್ವಿ. ಅಜ್ಜನ ದನಿಗೆ ಒಂದೇ ಇತ್ತು. ಈ ರಜೆಯಲ್ಲಿ ನಿಮ್ಮ ಮನೆಯದ್ದೂ ಒಮ್ಮೆ ಹಚ್ಚಿ ನೋಡ್ರಿ, ಇನ್ನೊಂದು ಕಾಪಿ ಮಾಡ್ರಿ.